ಉತ್ಪಾದನಾ ಸಂಪನ್ಮೂಲ ಯೋಜನೆ: ಖರೀದಿಗೂ ತಯಾರಿಕೆಗೂ ಒಂದೇ ಲೆಕ್ಕ

ಎಂ.ಆರ್.ಪಿ. ಎಂದೊಡನೆ ನಮಗೆಲ್ಲ ನೆನಪಾಗುವುದು ಪೊಟ್ಟಣದ ಮೇಲೆ ಅಚ್ಚಾದ ಗರಿಷ್ಠ ಚಿಲ್ಲರೆ ಬೆಲೆ. ಆದರೆ ಕಾರ್ಖಾನೆಗಳಲ್ಲಿ ಅದೇ ಮೂರು ಅಕ್ಷರಗಳಿಗೆ ಬೇರೊಂದು ಅರ್ಥವಿದೆ: ಸಾಮಗ್ರಿ ಅಗತ್ಯ ಯೋಜನೆ. ಇದರ ವಿಸ್ತೃತ ರೂಪವೇ ಉತ್ಪಾದನಾ ಸಂಪನ್ಮೂಲ ಯೋಜನೆ. ಥಾಣೆ–ಬೇಲಾಪುರ ರಸ್ತೆಯ ಟಿ.ಟಿ.ಸಿ. ಪ್ರದೇಶದಲ್ಲಾಗಲಿ ಡೊಂಬಿವಲಿಯ ಎಂ.ಐ.ಡಿ.ಸಿ.ಯಲ್ಲಾಗಲಿ ಸಣ್ಣ ಉದ್ಯಮ ನಡೆಸುವ ನಮ್ಮ ಬಾಂಧವರು ಇದನ್ನು ಅರಿತಿರುವುದು ಒಳಿತು.

ಸಣ್ಣ ಕಾರ್ಖಾನೆಯ ಉಗ್ರಾಣವನ್ನು ಎರಡು ಪರಸ್ಪರ ವಿರುದ್ಧ ದೋಷಗಳು ಒಟ್ಟಿಗೇ ಕಾಡುತ್ತವೆ. ಬೇಡವಾದ ಸಾಮಾನು ರಾಶಿ ಬಿದ್ದಿರುತ್ತದೆ. ಬೇಕಾದ ಒಂದು ಬಿಡಿಭಾಗವಿಲ್ಲದೆ ಇಡೀ ಕೆಲಸ ನಿಂತಿರುತ್ತದೆ. ರಾಶಿ ಬಿದ್ದ ಸರಕಿಗೆ ಬ್ಯಾಂಕಿನ ಬಡ್ಡಿ ಏರುತ್ತದೆ. ತಡವಾದ ಸರಕಿನಿಂದ ಗಿರಾಕಿ ಕೈತಪ್ಪುತ್ತಾನೆ. ಡಬ್ಬ ಖಾಲಿಯಾಗುತ್ತ ಬಂದಾಗ ತರಿಸುವ ಹಳೆಯ ಪದ್ಧತಿಯೇ ಇದಕ್ಕೆ ಬಹುಮಟ್ಟಿಗೆ ಕಾರಣ.

ಪರಿಹಾರದ ಮೂಲತತ್ತ್ವವು ನಮ್ಮ ಉಡುಪಿ ಹೋಟೆಲುಗಳ ಅಡುಗೆಮನೆಗೆ ಹೊಸತಲ್ಲ. ಮುಂಜಾನೆ ಏಳಕ್ಕೆ ಇಡ್ಲಿ ಸಿದ್ಧವಾಗಬೇಕಾದರೆ ಹಿಟ್ಟು ರಾತ್ರಿಯಿಡೀ ಹುದುಗಬೇಕು, ಸಂಜೆಗೆ ರುಬ್ಬಬೇಕು, ಮಧ್ಯಾಹ್ನವೇ ಉದ್ದು ನೆನೆಯಬೇಕು. ಅದಕ್ಕೂ ಮೊದಲೇ ವಾಶಿಯ ಎ.ಪಿ.ಎಂ.ಸಿ. ಮಾರುಕಟ್ಟೆಯಿಂದ ಬೇಳೆ ಬಂದಿರಬೇಕು. ಭಟ್ಟರು ಇಡ್ಲಿಯಿಂದ ಹಿಂದಕ್ಕೆ ಲೆಕ್ಕ ಹಾಕುತ್ತಾರೆ. ಸಾವಿರಾರು ಬಿಡಿಭಾಗಗಳಿಗೆ ಗಣಕಯಂತ್ರ ಮಾಡುವುದೂ ಇದೇ ಲೆಕ್ಕವನ್ನು.

ಒಂದು ಉದಾಹರಣೆ ನೋಡೋಣ. 200 ಪಂಪುಗಳಿಗೆ ಬೇಡಿಕೆ ಬಂದಿದೆ. ಒಂದಕ್ಕೆ ಎರಡರಂತೆ 400 ಬೇರಿಂಗ್ ಬೇಕು. ಉಗ್ರಾಣದಲ್ಲಿ 150 ಇವೆ, ಈಗಾಗಲೇ ತರಿಸಿದ 100 ದಾರಿಯಲ್ಲಿವೆ. ಹಾಗಾದರೆ ಕೊಳ್ಳಬೇಕಾದದ್ದು 150 ಮಾತ್ರ. ಸರಬರಾಜಿಗೆ ಮೂರು ವಾರ, ಜೋಡಣೆ ಮತ್ತು ಪರೀಕ್ಷೆಗೆ ಒಂದು ವಾರ ಹಿಡಿಯುವುದಾದರೆ, ಪಂಪು ರವಾನೆಯಾಗುವ ದಿನಕ್ಕೆ ನಾಲ್ಕು ವಾರ ಮೊದಲೇ ಖರೀದಿ ಆದೇಶ ಹೊರಡಬೇಕು. ಗಿರಾಕಿ ದಿನಾಂಕ ಮುಂದೂಡಿದರೆ, ಯಾವ ಖರೀದಿಯನ್ನು ತಡೆಹಿಡಿಯಬಹುದೆಂಬುದನ್ನೂ ಯಂತ್ರವೇ ಸೂಚಿಸುತ್ತದೆ. ಹಣ ಉಳಿಯುವುದು ಇಲ್ಲಿಯೇ.

ಅಮೆರಿಕದಲ್ಲಿ ಜೋಸೆಫ್ ಓರ್ಲಿಕಿ 1960ರ ದಶಕದಲ್ಲಿ ಈ ಪದ್ಧತಿಯನ್ನು ರೂಪಿಸಿ, 1975ರಲ್ಲಿ ಗ್ರಂಥವಾಗಿ ಪ್ರಕಟಿಸಿದರು. ಪಂಪಿನ ಬೇಡಿಕೆಯನ್ನು ಅಂದಾಜು ಮಾಡಬೇಕಾಗಬಹುದು, ಆದರೆ ಅದರ ಬೇರಿಂಗಿನ ಬೇಡಿಕೆಯನ್ನು ಲೆಕ್ಕ ಹಾಕಿಯೇ ತಿಳಿಯಬಹುದು ಎಂಬುದು ಅವರ ವಾದದ ಸಾರ. ಸಾಮಗ್ರಿ ಮಾತ್ರವಲ್ಲ, ಯಂತ್ರ, ಕಾರ್ಮಿಕರು, ಹಣ ಇವೆಲ್ಲವನ್ನೂ ಲೆಕ್ಕಕ್ಕೆ ತರಬೇಕೆಂದು ಆಲಿವರ್ ವೈಟ್ ಪ್ರತಿಪಾದಿಸಿದರು. 1980ರ ದಶಕದಲ್ಲಿ ಅದು 'ಎಂ.ಆರ್.ಪಿ. ಎರಡು' ಎಂದು ಪ್ರಸಿದ್ಧವಾಯಿತು. ಮೇಲಿನ ಪಂಪಿನ ಒಂದು ಭಾಗಕ್ಕೆ ಲೇತ್ ಯಂತ್ರದಲ್ಲಿ ಅರ್ಧ ಗಂಟೆ ಬೇಕಾದರೆ, 200ಕ್ಕೆ 100 ಗಂಟೆಗಳು. ವಾರಕ್ಕೆ 48 ಗಂಟೆ ದುಡಿಯುವ ಒಂದೇ ಲೇತ್ ಇದ್ದರೆ ಎರಡು ವಾರವೂ ಸಾಲದು. ಇದು ಮೊದಲೇ ತಿಳಿದರೆ ಹೊರಗೆ ಕೆಲಸ ಕೊಡಬಹುದು, ಅಥವಾ ಗಿರಾಕಿಗೆ ನಿಜವಾದ ದಿನಾಂಕವನ್ನೇ ಹೇಳಬಹುದು.

ಆದರೆ ಯಂತ್ರಕ್ಕೆ ತಾನಾಗಿ ಏನೂ ತಿಳಿಯದು. ಚೀಟಿಯಿಲ್ಲದೆ ಉಗ್ರಾಣದಿಂದ ಹತ್ತು ಬೇರಿಂಗ್ ಹೊರಹೋದರೆ ಮುಂದಿನ ಲೆಕ್ಕವೆಲ್ಲ ತಪ್ಪುತ್ತದೆ. ಸರಬರಾಜಿನ ಅವಧಿಯನ್ನು ಸುಮ್ಮನೆ ಊಹಿಸಿ ಬರೆದರೂ ಫಲ ಅಷ್ಟೇ. ಆದುದರಿಂದ ದುಬಾರಿ ತಂತ್ರಾಂಶ ಕೊಳ್ಳುವ ಮೊದಲು ಮೂರು ದಾಖಲೆಗಳನ್ನು ಸರಿಪಡಿಸಿಕೊಳ್ಳುವುದು ಲೇಸೆಂದು ನಾವು ಭಾವಿಸುತ್ತೇವೆ: ಪ್ರತಿ ಉತ್ಪನ್ನಕ್ಕೆ ಬೇಕಾದ ಬಿಡಿಭಾಗಗಳ ಪಟ್ಟಿ, ಎಣಿಸಿ ತಾಳೆ ನೋಡಿದ ದಾಸ್ತಾನು, ಪ್ರತಿ ಸರಬರಾಜುದಾರ ವಾಸ್ತವವಾಗಿ ತೆಗೆದುಕೊಳ್ಳುವ ದಿನಗಳು. ಇವು ಸರಿಯಿದ್ದರೆ ಸಣ್ಣ ಘಟಕಕ್ಕೆ ಆರಂಭದಲ್ಲಿ ಎಕ್ಸೆಲ್ ಹಾಳೆಯೂ ಸಾಕಾದೀತು. ಇವೇ ತಪ್ಪಾಗಿದ್ದರೆ ಎಷ್ಟು ಬೆಲೆಯ ತಂತ್ರಾಂಶ ತಂದರೂ ತಪ್ಪು ಲೆಕ್ಕವನ್ನೇ ಇನ್ನಷ್ಟು ಬೇಗ ಕೊಟ್ಟೀತು.