ದಾರಿ ಮಾಡಿದ್ದು ಕಪಾಡ್ಜೆ, ಕುರ್ಚಿ ಸಿಕ್ಕಿದ್ದು ಇನ್ನೊಬ್ಬರಿಗೆ

ವರ್ಷಗಟ್ಟಲೆ ಒದ್ದಾಡಿ ಒಂದು ಪ್ರಾಜೆಕ್ಟನ್ನು ದಡ ಮುಟ್ಟಿಸಿದ್ದೀರಿ. ಲಾಂಚ್‌ಗೆ ಇನ್ನೇನು ಕೆಲವೇ ತಿಂಗಳು. ಆಗ ಹೊರಗಿನಿಂದ ದೊಡ್ಡ ಹೆಸರಿನವರೊಬ್ಬರನ್ನು ತಂದು ನಿಮ್ಮ ಕುರ್ಚಿಯಲ್ಲಿ ಕೂರಿಸಿದರೆ ಹೇಗನ್ಸುತ್ತೆ? ಉಜ್ಬೇಕಿಸ್ತಾನದ ಫುಟ್‌ಬಾಲ್ ಕೋಚ್ ತಿಮೂರ್ ಕಪಾಡ್ಜೆ ಅವರಿಗೆ 2025ರಲ್ಲಿ ಆಗಿದ್ದು ಹೆಚ್ಚೂಕಡಿಮೆ ಇದೇ.

ಕಪಾಡ್ಜೆ ಹುಟ್ಟಿದ್ದು 1981ರಲ್ಲಿ, ಫರ್ಗಾನಾ ನಗರದಲ್ಲಿ. ಮಿಡ್‌ಫೀಲ್ಡರ್ ಆಗಿ ದೇಶಕ್ಕಾಗಿ 119 ಪಂದ್ಯ ಆಡಿದರು. ಆದರೆ ಅವರ ತಲೆಮಾರಿಗೆ ವಿಶ್ವಕಪ್ ಮಾತ್ರ ಕೈಗೆ ಬಂದ ತುತ್ತು ಬಾಯಿಗೆ ಬಾರದ ಕಥೆ. 2005ರಲ್ಲಿ ಬಹರೇನ್ ವಿರುದ್ಧ 1-0ರಿಂದ ಗೆದ್ದಿದ್ದರು. ಪೆನಾಲ್ಟಿಯೊಂದರಲ್ಲಿ ರೆಫರಿ ನಿಯಮ ತಪ್ಪಿದರು ಅಂತ ಫಿಫಾ ಆ ಪಂದ್ಯವನ್ನೇ ರದ್ದು ಮಾಡಿ ಮತ್ತೆ ಆಡಿಸಿತು. 1-1, ಆಮೇಲೆ 0-0. ಎದುರಾಳಿಯ ನೆಲದಲ್ಲಿ ಹೊಡೆದ ಗೋಲಿನ ಲೆಕ್ಕದಲ್ಲಿ ಬಹರೇನ್ ಮುಂದೆ ಹೋಯ್ತು. 2013ರಲ್ಲಿ ಜೋರ್ಡಾನ್ ಎದುರು ಪೆನಾಲ್ಟಿ ಶೂಟೌಟ್‌ನಲ್ಲಿ 8-9ರ ಸೋಲು, ಅದೂ ತಾಷ್ಕೆಂಟ್‌ನಲ್ಲೇ.

ಬೂಟು ಕಳಚಿದ ಮೇಲೆ ಕಪಾಡ್ಜೆ ಹಿಡಿದದ್ದು ಹುಡುಗರ ತಂಡವನ್ನು. 23 ವರ್ಷದೊಳಗಿನವರ ಏಷ್ಯನ್ ಕಪ್‌ನಲ್ಲಿ 2022 ಮತ್ತು 2024, ಎರಡೂ ಸಲ ಫೈನಲ್ ತಲುಪಿ ಸೋತರು. ಆದರೆ ಎರಡನೇ ಫೈನಲ್ ಜೊತೆಗೆ ಪ್ಯಾರಿಸ್ ಒಲಿಂಪಿಕ್ಸ್ ಟಿಕೆಟ್ ಸಿಕ್ಕಿತು. ಉಜ್ಬೇಕ್ ಫುಟ್‌ಬಾಲ್‌ಗೆ ಅದೇ ಮೊದಲ ಒಲಿಂಪಿಕ್ಸ್. ಅಲ್ಲಿ ಒಂದೂ ಪಂದ್ಯ ಗೆಲ್ಲಲಿಲ್ಲ ನಿಜ. ಆದರೆ ಆ ವರ್ಷ ಚಿನ್ನ ಗೆದ್ದ ಸ್ಪೇನ್ ಎದುರು ಸೋತಿದ್ದು 1-2ರಿಂದ ಅಷ್ಟೇ. ಆ ತಂಡದ ಡಿಫೆಂಡರ್ ಅಬ್ದುಕೋದಿರ್ ಖುಸಾನೊವ್ 2025ರ ಜನವರಿಯಲ್ಲಿ ಮ್ಯಾಂಚೆಸ್ಟರ್ ಸಿಟಿ ಸೇರಿದರು.

ಅದೇ ತಿಂಗಳು ಹಿರಿಯರ ತಂಡದ ಕೋಚ್, ಸ್ಲೊವೇನಿಯಾದ ಸ್ರೆಚ್ಕೊ ಕತಾನೆಟ್ಸ್, ಅನಾರೋಗ್ಯದಿಂದ ಹುದ್ದೆ ಬಿಟ್ಟರು. ಕಪಾಡ್ಜೆ ಬಂದರು. ಉಳಿದಿದ್ದು ನಾಲ್ಕೇ ಅರ್ಹತಾ ಪಂದ್ಯ, ಒಂದನ್ನೂ ಸೋಲಲಿಲ್ಲ. ಜೂನ್ 5ರಂದು ಅಬುಧಾಬಿಯಲ್ಲಿ ಯುಎಇ ವಿರುದ್ಧ 0-0. ಆ ಒಂದು ಪಾಯಿಂಟ್ ಸಾಕಾಯ್ತು. ಏಳು ಸಲ ಸೋತು ಎಂಟನೇ ಪ್ರಯತ್ನದಲ್ಲಿ ಉಜ್ಬೇಕಿಸ್ತಾನ ವಿಶ್ವಕಪ್‌ಗೆ ಅರ್ಹತೆ ಪಡೆಯಿತು. ಮಧ್ಯ ಏಷ್ಯಾದ ಯಾವ ದೇಶವೂ ಅದುವರೆಗೆ ಅಲ್ಲಿಗೆ ತಲುಪಿರಲಿಲ್ಲ. ಸೆಪ್ಟೆಂಬರ್‌ನಲ್ಲಿ ಇರಾನ್ ತಂಡವನ್ನು ಸೋಲಿಸಿ ಕಾಫಾ ನೇಷನ್ಸ್ ಕಪ್ ಕೂಡ ಗೆದ್ದರು. ನಮ್ಮ ಭಾರತ ಮೂರನೇ ಸ್ಥಾನ ಪಡೆದ ಟೂರ್ನಿ ಅದು.

ಅಕ್ಟೋಬರ್‌ನಲ್ಲಿ ಹೊಸ ಮುಖ್ಯ ಕೋಚ್ ಬಂದರು: 2006ರಲ್ಲಿ ಇಟಲಿಗೆ ವಿಶ್ವಕಪ್ ಗೆದ್ದುಕೊಟ್ಟ ನಾಯಕ ಫಾಬಿಯೊ ಕನ್ನವಾರೊ.

ಇದು ಅನ್ಯಾಯ ಅಂತ ಥಟ್ಟನೆ ಹೇಳಿಬಿಡಬಹುದು. ಆದರೆ ಕತಾನೆಟ್ಸ್ ಬಿಟ್ಟಾಗಲೇ ತಂಡ ಗುಂಪಿನಲ್ಲಿ ಎರಡನೇ ಸ್ಥಾನದಲ್ಲಿತ್ತು. ಕಪಾಡ್ಜೆಯೂ ಇನ್ನೊಬ್ಬರು ಕಟ್ಟಿದ್ದನ್ನೇ ಮುಂದುವರಿಸಿದವರು. ಮೊದಲ ವಿಶ್ವಕಪ್‌ಗೆ ಅನುಭವ ಬೇಕು ಅನ್ನೋ ಮಾತಿಗೂ ಅರ್ಥವಿದೆ. ಆದರೆ ಕನ್ನವಾರೊ ಅವರ ಅನುಭವ ಆಟಗಾರನದು. ಕೋಚ್ ಆಗಿ ಅವರೂ ಅದುವರೆಗೆ ಯಾವ ದೇಶವನ್ನೂ ವಿಶ್ವಕಪ್‌ಗೆ ಕರೆದೊಯ್ದಿರಲಿಲ್ಲ. ಆ ಹುಡುಗರನ್ನು ಬೆಳೆಸಿದವರಿಗೆ ಇಷ್ಟು ಮಾತ್ರ ವಿನಾಯಿತಿ ಕೊಡಬಹುದಿತ್ತು ಅಲ್ವಾ?

ಹುದ್ದೆಯನ್ನು ಯಾರು ಬೇಕಾದರೂ ಕೊಡಬಹುದು, ಕಿತ್ತುಕೊಳ್ಳಬಹುದು. 119 ಪಂದ್ಯ ಆಡಿಯೂ ತಾನು ಕಾಣದ ಬಾಗಿಲನ್ನು ತನ್ನ ಹುಡುಗರಿಗೆ ತೆರೆದುಕೊಟ್ಟ ದಿನ ಮಾತ್ರ ಕಪಾಡ್ಜೆ ಹೆಸರಿನಲ್ಲೇ ಇರುತ್ತೆ.