ಬಾಡಿಗೆ ಕಾರು, ಸ್ವಂತ ಬೆನ್ನು

ಕಪ್ಪು ಫಲಕದ ಮೇಲೆ ಹಳದಿ ಅಕ್ಷರದ ನಂಬರ್ ಇರುವ ಕಾರುಗಳು ಈಗ ನಮ್ಮ ಹೆದ್ದಾರಿಗಳಲ್ಲಿ ಸಾಮಾನ್ಯ ನೋಟ. ಬಾಡಿಗೆಗೆ ಪಡೆದು ನಾವೇ ಓಡಿಸಿಕೊಂಡು ಹೋಗುವ ವಾಹನಗಳ ಗುರುತು ಅದು. ಹಬ್ಬಕ್ಕೆ ಊರಿಗೆ, ನಂಟರ ಮದುವೆಗೆ ಕರಾವಳಿಗೆ, ಮಕ್ಕಳ ರಜೆಯಲ್ಲಿ ಧರ್ಮಸ್ಥಳಕ್ಕೆಂದು ಶುಕ್ರವಾರ ಸಂಜೆ ಬೆಂಗಳೂರಿನಿಂದ ಹೊರಬೀಳುವ ಸಂಸಾರಗಳು ಇವುಗಳಲ್ಲಿ ಅಗ್ಗದ ಸೆಡಾನನ್ನೇ ಹೆಚ್ಚಾಗಿ ಆರಿಸುವುದುಂಟು. ಡಿಜೈರ್, ಅಮೇಜ್, ಔರಾ, ಟಿಗೋರ್ ಇವೆಲ್ಲ ಆ ಜಾತಿಗೆ ಸೇರಿದವು. ನಾಲ್ಕು ಮೀಟರ್ ಒಳಗಿನ, ಸಣ್ಣ ಎಂಜಿನ್ನಿನ ಕಾರುಗಳಿಗೆ ಕೇಂದ್ರ ಸರ್ಕಾರ 2006ರಲ್ಲಿ ಅಬಕಾರಿ ಸುಂಕ ಇಳಿಸಿದ ನಂತರ ಬೆಳೆದ ತಳಿ ಇದು. ಒಳಗೆ ಐವರು ಕೂರಬೇಕು, ಹಿಂದೆ ಡಿಕ್ಕಿಯೂ ಇರಬೇಕು, ಉದ್ದ ಮಾತ್ರ ನಾಲ್ಕು ಮೀಟರ್ ಮೀರಬಾರದು ಎಂದರೆ ಎಲ್ಲೋ ಒಂದು ಕಡೆ ಕಡಿತ ಆಗಲೇಬೇಕಲ್ಲ. ಆ ಕಡಿತದ ಒಂದು ಪಾಲು ನಮ್ಮ ತೊಡೆ, ಸೊಂಟ ಮತ್ತು ಕತ್ತಿನ ಲೆಕ್ಕಕ್ಕೆ ಬೀಳುತ್ತದೆ.

ಇಂತಹ ಒಂದು ಸೆಡಾನನ್ನು ಬೆಂಗಳೂರಿನಿಂದ ಹಾಸನ, ಸಕಲೇಶಪುರದ ಮೂಲಕ ಮಂಗಳೂರಿಗೆ ಓಡಿಸಿ ನೋಡಿದ ಅನುಭವ ಈ ವಾರದ ಅಂಕಣದ ವಸ್ತು. ಸುಮಾರು 350 ಕಿಲೋಮೀಟರ್ ದೂರ. ನಿಂತು ಸುಧಾರಿಸಿಕೊಂಡು ಹೋದರೆ ಎಂಟು ಗಂಟೆ. ಎಂಜಿನ್ನಿನ ಶಕ್ತಿ, ಪೆಟ್ರೋಲಿನ ಖರ್ಚು ಇತ್ಯಾದಿಗಳನ್ನು ತೂಗುವವರು ಬೇರೆ ಇದ್ದಾರೆ. ಕಾರು ಶರೀರಕ್ಕೆ ಏನು ಮಾಡುತ್ತದೆ ಎಂಬುದಷ್ಟೇ ಇಲ್ಲಿ ಮುಖ್ಯ.

ಮೊದಲು ಆಸನ. ಬಾಡಿಗೆ ಕಾರಿನ ಚಾಲಕನ ಆಸನ ನೂರಾರು ಜನ ಕೂತು ಎದ್ದ ಜಾಗ. ನಾನು ಓಡಿಸಿದ ಕಾರಿನ ಸ್ಪಂಜು ನಡುವೆ ಕುಗ್ಗಿ, ಅಂಚುಗಳಷ್ಟೇ ಗಟ್ಟಿಯಾಗಿ ಉಳಿದಿದ್ದವು. ಹೀಗೆ ತಗ್ಗಿದ ಆಸನದಲ್ಲಿ ಕೂತಾಗ ಸೊಂಟ ಮೊಣಕಾಲಿಗಿಂತ ಕೆಳಗೆ ಹೋಗುತ್ತದೆ, ಸೊಂಟದ ಸಹಜವಾದ ಒಳಬಾಗು ಮಾಯವಾಗಿ ಬೆನ್ನು ಬಿಲ್ಲಿನಂತೆ ಹಿಂದಕ್ಕೆ ಬಾಗುತ್ತದೆ. ಸ್ವೀಡನ್ನಿನ ಮೂಳೆತಜ್ಞ ಆಲ್ಫ್ ನಾಕೆಮ್ಸನ್ 1960ರ ದಶಕದಲ್ಲಿ ಜೀವಂತ ಮನುಷ್ಯರ ಬೆನ್ನುಮೂಳೆಯ ಡಿಸ್ಕ್‌ಗೆ ಸೂಜಿ ಇಳಿಸಿ ಒತ್ತಡ ಅಳೆದಿದ್ದರು. ಆಸರೆಯಿಲ್ಲದೆ ಕೂತಾಗ ಡಿಸ್ಕ್ ಮೇಲಿನ ಒತ್ತಡ ನಿಂತಾಗಿನದಕ್ಕಿಂತ ಸುಮಾರು ಶೇಕಡಾ 40ರಷ್ಟು ಹೆಚ್ಚು ಎಂದು ಅವರು ಕಂಡರು. 1999ರಲ್ಲಿ ಜರ್ಮನಿಯಲ್ಲಿ ನಡೆದ ಅಳತೆಗಳಲ್ಲಿ ಇಷ್ಟು ವ್ಯತ್ಯಾಸ ಕಾಣಲಿಲ್ಲ. ಆದರೆ ಮುಂದಕ್ಕೆ ಬಾಗಿ ಕೂತರೆ ಒತ್ತಡ ಏರುತ್ತದೆ, ಬೆನ್ನಿಗೆ ಒರಗು ಸಿಕ್ಕರೆ ಇಳಿಯುತ್ತದೆ ಎಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ.

ಮನೆಯಿಂದ ಒಂದು ಟವೆಲ್ ಸಾಕು. ಅದನ್ನು ಮುಂಗೈ ದಪ್ಪಕ್ಕೆ ಸುರುಳಿ ಸುತ್ತಿ ಸೊಂಟಪಟ್ಟಿಯ ಮಟ್ಟಕ್ಕಿಂತ ಸ್ವಲ್ಪ ಮೇಲೆ, ಬೆನ್ನು ಮತ್ತು ಒರಗಿನ ನಡುವೆ ಇಡಬೇಕು. ಆಸನ ತಗ್ಗಿದ್ದರೆ ಮಡಿಸಿದ ಇನ್ನೊಂದು ಟವೆಲ್ ಕೆಳಗೆ. ಒರಗನ್ನು ನೆಟ್ಟಗಿನ ಗೋಡೆಯಂತೆಯೂ ಅಲ್ಲ, ಆರಾಮಕುರ್ಚಿಯಂತೆಯೂ ಅಲ್ಲ, 100ರಿಂದ 110 ಡಿಗ್ರಿಯಷ್ಟು ಹಿಂದಕ್ಕೆ ಬಾಗಿಸಿಕೊಳ್ಳಬೇಕು. ಅಗ್ಗದ ಮಾದರಿಗಳಲ್ಲಿ ಸಾಮಾನ್ಯವಾಗಿ ಸ್ಟಿಯರಿಂಗ್ ಮೇಲೆ ಕೆಳಗೆ ಮಾತ್ರ ಸರಿಯುತ್ತದೆ. ಹತ್ತಿರ ದೂರ ಸರಿಯುವುದಿಲ್ಲ. ಹಾಗಾಗಿ ಉದ್ದ ಕಾಲಿನವರು ಕಾಲಿಗೆ ಸರಿಹೊಂದಿಸಿದರೆ ಕೈ ಚಾಚಬೇಕಾಗುತ್ತದೆ, ಕೈಗೆ ಸರಿಹೊಂದಿಸಿದರೆ ಮೊಣಕಾಲು ಮಡಚಿಕೊಳ್ಳುತ್ತದೆ. ಕ್ಲಚ್ ಪೂರ್ತಿ ಒತ್ತಿದಾಗಲೂ ಮೊಣಕಾಲು ಸ್ವಲ್ಪ ಬಾಗಿರುವಂತೆ ಆಸನವನ್ನು ಮೊದಲು ನಿಲ್ಲಿಸಿ, ಕೈಗಳ ದೂರವನ್ನು ಒರಗಿನ ಕೋನದಿಂದ ಸರಿಪಡಿಸಿಕೊಳ್ಳುವುದೇ ಮೇಲು.

ಕನ್ನಡಿಯ ಉಪಾಯವೂ ಒಂದಿದೆ. ನೆಟ್ಟಗೆ ಕೂತು ಒಳಗಿನ ಕನ್ನಡಿಯನ್ನು ಸರಿಪಡಿಸಿ. ಚನ್ನರಾಯಪಟ್ಟಣದ ಹೊತ್ತಿಗೆ ಹಿಂದಿನ ಗಾಜು ಅರ್ಧವೇ ಕಾಣುತ್ತಿದ್ದರೆ ಜರುಗಿದ್ದು ಕನ್ನಡಿಯಲ್ಲ, ನಿಮ್ಮ ಬೆನ್ನು. ಕನ್ನಡಿ ಮುಟ್ಟದೆ ಮತ್ತೆ ನೆಟ್ಟಗಾಗಿ.

ನೆಲಮಂಗಲ ದಾಟಿದ ಮೇಲಿನ ನಾಲ್ಕು ಪಥದ ರಸ್ತೆಯಲ್ಲಿ ಈ ಕಾರು ಒಳ್ಳೆಯ ಮಗುವಿನಂತೆ ಓಡುತ್ತದೆ. ಕುಣಿಗಲ್, ಯಡಿಯೂರು, ಬೆಳ್ಳೂರು ಕ್ರಾಸ್ ಸರಿದುಹೋದದ್ದೇ ತಿಳಿಯಲಿಲ್ಲ. ವೇಗ ನಿಯಂತ್ರಕ ಅಳವಡಿಸಿದ್ದರಿಂದ ಮುಳ್ಳು 80 ದಾಟುತ್ತಿರಲಿಲ್ಲ. ಇದರ ಬಗ್ಗೆ ಗೊಣಗುವವರೇ ಹೆಚ್ಚು. ನನಗಂತೂ ಇದರಿಂದ ಮನಸ್ಸಿನ ಮೇಲಿನ ಭಾರ ಇಳಿದಂತಾಯಿತು. ಆದರೆ ಎರಡೇ ಪಥದ ರಸ್ತೆಯಲ್ಲಿ ಲಾರಿಯ ಪಕ್ಕಕ್ಕೆ ಹೋದ ಮೇಲೆ ಎಂಜಿನ್ ಇನ್ನು ಆಗದು ಎನ್ನುವುದು ಅಪಾಯದ ಸಂಗತಿ. ಮಿತಿ ಎಷ್ಟೆಂದು ಖಾಲಿ ರಸ್ತೆಯಲ್ಲಿ ಮೊದಲೇ ತಿಳಿದುಕೊಂಡಿರಬೇಕು.

ಸಣ್ಣ ಚಕ್ರ, ಸವೆದ ಷಾಕ್ ಅಬ್ಸಾರ್ಬರ್ ಇರುವ ಕಾರು ರಸ್ತೆಯ ಪ್ರತಿ ತೇಪೆಯನ್ನೂ ಬೆನ್ನಿಗೆ ವರದಿ ಮಾಡುತ್ತದೆ. ಕೂತ ಮನುಷ್ಯನ ಬೆನ್ನುಮೂಳೆಗೆ ತನ್ನದೇ ಒಂದು ಲಯ ಇದೆ. ಸೆಕೆಂಡಿಗೆ 4ರಿಂದ 6 ಬಾರಿಯ ಮೇಲು ಕೆಳಗಿನ ಅಲುಗಾಟಕ್ಕೆ ಅದು ಹೆಚ್ಚು ಸ್ಪಂದಿಸುತ್ತದೆ. ದುರದೃಷ್ಟವಶಾತ್ ಒರಟು ರಸ್ತೆಯಲ್ಲಿ ವಾಹನಗಳ ಕಂಪನ ಇದಕ್ಕೆ ಹತ್ತಿರದಲ್ಲೇ ಇರುತ್ತದೆ. ಕೆಲಸದ ವೇಳೆಯ ಅರ್ಧಕ್ಕಿಂತ ಹೆಚ್ಚು ವಾಹನ ಓಡಿಸುವ ಗಂಡಸರಲ್ಲಿ ಸೊಂಟದ ಡಿಸ್ಕ್ ಜಾರುವ ಸಂಭವ ಇತರರಿಗಿಂತ ಸುಮಾರು ಮೂರು ಪಟ್ಟು ಎಂದು ಅಮೆರಿಕದ ಕೆಲ್ಸಿ ಮತ್ತು ಹಾರ್ಡಿ 1975ರಲ್ಲೇ ತೋರಿಸಿದ್ದರು. ವರ್ಷಕ್ಕೆರಡು ಸಲ ಬಾಡಿಗೆ ಕಾರು ಹಿಡಿಯುವವರು ಇದರಿಂದ ಹೆದರಬೇಕಿಲ್ಲ. ಈಗಾಗಲೇ ಸೊಂಟನೋವು ಕಾಲಿಗೆ ಇಳಿಯುತ್ತಿರುವವರು ಮಾತ್ರ ಸ್ಟಿಯರಿಂಗನ್ನು ಬೇರೆಯವರಿಗೆ ಬಿಟ್ಟುಕೊಡುವುದು ವಾಸಿ.

ಹಿಂದಿನ ಆಸನಕ್ಕೆ ಬರೋಣ. ಈ ತಳಿಯ ಕಾರುಗಳ ನಿಜವಾದ ದೌರ್ಬಲ್ಯ ಅಲ್ಲಿದೆ. ಅಗ್ಗದ ಹಲವು ಮಾದರಿಗಳಲ್ಲಿ ಹಿಂದಿನ ತಲೆಯಾಸರೆ ಒರಗಿಗೇ ಅಂಟಿಕೊಂಡಿರುತ್ತದೆ, ಎತ್ತರಿಸಲು ಬರುವುದಿಲ್ಲ. ಸ್ವಲ್ಪ ಎತ್ತರದ ಆಳು ಕೂತರೆ ಅದು ಕತ್ತಿನ ಮಟ್ಟದಲ್ಲೇ ನಿಲ್ಲುತ್ತದೆ. ಹಿಂದಿನಿಂದ ಬೇರೆ ವಾಹನ ಗುದ್ದಿದಾಗ ತಲೆ ಚಾಟಿ ಬೀಸಿದಂತೆ ಹಿಂದಕ್ಕೆ ಚಿಮ್ಮದಿರಬೇಕಾದರೆ ಆಸರೆಯ ಮೇಲಂಚು ತಲೆಯ ನೆತ್ತಿಯ ಮಟ್ಟದಲ್ಲಿ, ಕಡೇಪಕ್ಷ ಕಿವಿಯ ಮೇಲ್ಭಾಗದವರೆಗಾದರೂ ಇರಬೇಕು. ಆದ್ದರಿಂದ ಎತ್ತರದವರು ಮುಂದೆ, ಗಿಡ್ಡನೆಯವರು ಹಿಂದೆ ಕೂರುವುದೇ ಸರಿ. ಮನೆಯ ಹಿರಿಯರಿಗೆ ಮುಂದಿನ ಸೀಟು ಎಂಬ ಮರ್ಯಾದೆಯ ಪ್ರಶ್ನೆಯನ್ನು ಇಲ್ಲಿ ಸ್ವಲ್ಪ ಸಡಿಲಿಸಬಹುದು.

ಹಿಂದಿನ ಸೀಟು ಬೆಲ್ಟಿನ ಕೊಂಡಿಗಳು ಸೀಟಿನ ಹೊದಿಕೆಯಡಿ ಹೂತುಹೋಗಿರುವುದು ಬಾಡಿಗೆ ಕಾರುಗಳಲ್ಲಿ ಅಪರೂಪವಲ್ಲ. ಕಾರು ಪಡೆಯುವಾಗ ಬಣ್ಣದ ಗೀರುಗಳ ಫೋಟೋ ತೆಗೆಯುವ ನಾವು ಈ ಕೊಂಡಿಗಳನ್ನು ಹುಡುಕುವುದಿಲ್ಲ. 2022ರ ಸೆಪ್ಟೆಂಬರ್ 4ರಂದು ಉದ್ಯಮಿ ಸೈರಸ್ ಮಿಸ್ತ್ರಿ ಸಾವಿಗೀಡಾದ ಅಪಘಾತದಲ್ಲಿ ಹಿಂದಿನ ಆಸನದಲ್ಲಿದ್ದ ಅವರು ಬೆಲ್ಟ್ ಧರಿಸಿರಲಿಲ್ಲ. ಬೆಲ್ಟಿಲ್ಲದ ಹಿಂದಿನ ಪ್ರಯಾಣಿಕ ತಾನು ಸಾಯುವುದಲ್ಲದೆ ಮುಂದಿನವರ ಮೇಲೆ ಮೂಟೆಯಂತೆ ಎರಗಿ ಅವರ ಜೀವಕ್ಕೂ ಕುತ್ತು ತರಬಲ್ಲ. ಗರ್ಭಿಣಿಯರಿಗೂ ವಿನಾಯಿತಿ ಬೇಡ. ಕೆಳಗಿನ ಪಟ್ಟಿ ಹೊಟ್ಟೆಯ ಕೆಳಗೆ, ತೊಡೆಯ ಬುಡದ ಮೂಳೆಗಳ ಮೇಲೆ ಹಾಯಬೇಕು; ಮೇಲಿನದು ಎರಡು ಸ್ತನಗಳ ನಡುವೆ ಹಾದು ಹೊಟ್ಟೆಯ ಬದಿಗೆ ಇಳಿಯಬೇಕು.

ಇನ್ನು ನಿದ್ದೆ. ಬೆಳಿಗ್ಗೆ ಆರಕ್ಕೆ ಎದ್ದು, ಕಚೇರಿ ಮುಗಿಸಿ, ರಾತ್ರಿ ಎಂಟಕ್ಕೆ ಬೆಂಗಳೂರು ಬಿಡುವವನಿಗೆ ಹಾಸನದ ಹತ್ತಿರ ಬರುವ ಹೊತ್ತಿಗೆ ಎಚ್ಚರವಿದ್ದು 17 ಗಂಟೆ ಆಗಿರುತ್ತದೆ. ಆಸ್ಟ್ರೇಲಿಯಾದ ಡಾಸನ್ ಮತ್ತು ರೀಡ್ 1997ರಲ್ಲಿ ತೋರಿಸಿದಂತೆ, ಆ ಸ್ಥಿತಿಯಲ್ಲಿ ಕೈ ಕಣ್ಣುಗಳ ಹೊಂದಾಣಿಕೆ 100 ಮಿಲಿಲೀಟರ್ ರಕ್ತದಲ್ಲಿ 50 ಮಿಲಿಗ್ರಾಂ ಮದ್ಯಸಾರ ಇರುವವನಷ್ಟೇ ಕುಂದಿರುತ್ತದೆ. ನಮ್ಮ ಮೋಟಾರು ವಾಹನ ಕಾಯ್ದೆಯ ಮಿತಿ 30 ಮಿಲಿಗ್ರಾಂ. ಹನಿ ಮದ್ಯ ಮುಟ್ಟದ ಸಂಸಾರಸ್ಥ ಹೀಗೆ ಅಮಲಿನವನಿಗೆ ಸಮನಾಗಿ, ಅರಿಯದೆ, ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಘಾಟಿಯ ಕಡೆಗೆ ಹೊರಟಿರುತ್ತಾನೆ! ಕಣ್ಣು ಮುಚ್ಚಿದ್ದೇ ತಿಳಿಯದ ನಾಲ್ಕು ಸೆಕೆಂಡಿನ ಜೊಂಪು ಬಂದರೆ 80ರ ವೇಗದಲ್ಲಿ ಕಾರು ಸುಮಾರು 89 ಮೀಟರ್ ಸಾಗಿರುತ್ತದೆ.

ಇದಕ್ಕೆ ಮುಚ್ಚಿದ ಗಾಜು ಜೊತೆಯಾಗುತ್ತದೆ. ಬೇಗ ತಂಪಾಗಲೆಂದು ಏಸಿಯಲ್ಲಿ ಒಳಗಿನ ಗಾಳಿಯನ್ನೇ ತಿರುಗಿಸುವ ಗುಂಡಿ ಒತ್ತುತ್ತೇವೆ. ಸಣ್ಣ ಕಾರಿನಲ್ಲಿ ನಾಲ್ಕೈದು ಜನ ಉಸಿರಾಡುತ್ತಿದ್ದರೆ ಇಂಗಾಲದ ಡೈ ಆಕ್ಸೈಡ್ ಬೇಗ ಏರತೊಡಗುತ್ತದೆ. ಹೊರಗಿನ ಗಾಳಿಯಲ್ಲಿ ಹತ್ತು ಲಕ್ಷಕ್ಕೆ ಸುಮಾರು 420 ಭಾಗ ಇರುವುದು ಒಳಗೆ ಕೆಲವು ಸಾವಿರಕ್ಕೆ ಮುಟ್ಟಬಲ್ಲದು. ತಲೆಭಾರ, ಆಕಳಿಕೆ, ಮಂಪರು ಆರಂಭವಾಗುತ್ತವೆ. ಕಾರು ತಂಪಾದ ಕೂಡಲೇ ಆ ಗುಂಡಿ ತೆಗೆದು ಹೊರಗಾಳಿ ಬಿಟ್ಟುಕೊಳ್ಳಬೇಕು. ಹಿಂದಿನವರ ವಾಸನೆ ಮುಚ್ಚಲೆಂದು ತೂಗುಹಾಕಿದ ಸುಗಂಧದ ಬಿಲ್ಲೆಯನ್ನು ಕಿತ್ತು ಡಿಕ್ಕಿಗೆ ಹಾಕುವುದೂ ಒಳ್ಳೆಯದು. ಅರೆತಲೆನೋವು, ಆಸ್ತಮಾ ಇರುವವರಿಗೆ ಅದು ಶತ್ರು.

ಮುಖಕ್ಕೆ ತಣ್ಣೀರು, ಜೋರು ಹಾಡು, ತೆರೆದ ಕಿಟಕಿ ಇವುಗಳಿಂದ ನಿದ್ದೆ ಹೋಗುತ್ತದೆ ಎಂಬ ನಂಬಿಕೆ ಬಲವಾಗಿದೆ. ಅವುಗಳ ಪ್ರಯೋಜನ ಕೆಲವು ನಿಮಿಷಗಳದ್ದು ಮಾತ್ರ. ಒಂದು ಲೋಟ ಗಟ್ಟಿ ಕಾಫಿ ಕುಡಿದು, ಸುರಕ್ಷಿತ ಜಾಗದಲ್ಲಿ ಕಾರು ನಿಲ್ಲಿಸಿ, 15ರಿಂದ 20 ನಿಮಿಷ ಮಲಗಿಬಿಡುವುದು ಪರಿಣಾಮಕಾರಿ ಎಂದು ಪ್ರಯೋಗಗಳು ತೋರಿಸಿವೆ. ಕಾಫಿಯ ಪ್ರಭಾವ ಸುಮಾರು ಅರ್ಧ ಗಂಟೆಯ ನಂತರ ಕಾಣುವುದರಿಂದ ಎದ್ದಾಗ ಎರಡೂ ಕೂಡಿ ಬರುತ್ತವೆ. ಹಾಸನ ಸೀಮೆಯಲ್ಲಿ ಒಳ್ಳೆಯ ಕಾಫಿಗೇನೂ ಬರವಿಲ್ಲ. ಗಂಟೆ ಲೆಕ್ಕದ ಬಾಡಿಗೆ ಓಡುತ್ತಿದೆಯೆಂದು ನಿಲ್ಲಿಸದಿರುವವರು ಇಪ್ಪತ್ತು ನಿಮಿಷದ ಬಾಡಿಗೆ ಎಷ್ಟೆಂದು ಒಮ್ಮೆ ಲೆಕ್ಕ ಹಾಕಲಿ.

ಸಕಲೇಶಪುರದಿಂದ ಗುಂಡ್ಯಕ್ಕೆ ಬರುವಷ್ಟರಲ್ಲಿ ರಸ್ತೆ 700 ಮೀಟರಿಗೂ ಹೆಚ್ಚು ಇಳಿಯುತ್ತದೆ. ಕಿವಿ ಮುಚ್ಚಿದಂತಾಗುವುದು ಸಹಜ. ಎಂಜಲು ನುಂಗಿದರೆ, ಪೆಪ್ಪರಮಿಂಟು ಚೀಪಿದರೆ ಸರಿಹೋಗುತ್ತದೆ. ನೆಗಡಿಯಾದ ಮಗು ಇಳಿಜಾರಿನಲ್ಲಿ ಚೀರಿದರೆ ಹಟವೆಂದು ಗದರಬೇಡಿ, ಕುಡಿಯಲು ಏನಾದರೂ ಕೊಡಿ. ಶಿರಾಡಿಯ ತಿರುವುಗಳಲ್ಲಿ ಹಿಂದೆ ಕೂತವರಿಗೆ ವಾಕರಿಕೆ ಬರುವುದು ಕಣ್ಣು ಒಂದು ಹೇಳಿ ಒಳಗಿವಿ ಇನ್ನೊಂದು ಹೇಳುವುದರಿಂದ. ಮೊಬೈಲ್ ನೋಡುತ್ತಿದ್ದರೆ ಈ ಜಗಳ ಜೋರಾಗುತ್ತದೆ. ದೂರದ ರಸ್ತೆ ನೋಡಿದರೆ ತಗ್ಗುತ್ತದೆ. ಓಡಿಸುವವನಿಗೆ ವಾಕರಿಕೆ ಬರುವುದು ವಿರಳ. ಹಾಗೆಂದು ಮುಂಜಾಗ್ರತೆಗೆ ಪ್ರಯಾಣದ ಮಾತ್ರೆಯನ್ನು ಅವನಿಗೂ ಕೊಡಬಾರದು. ಅವುಗಳಲ್ಲಿ ಹೆಚ್ಚಿನವು ನಿದ್ದೆ ತರಿಸುತ್ತವೆ. ನೆಗಡಿ, ಅಲರ್ಜಿಯ ಎಷ್ಟೋ ಮಾತ್ರೆಗಳ ಗುಣವೂ ಅದೇ.

ಇನ್ಸುಲಿನ್ ಅಥವಾ ಸಕ್ಕರೆ ಅತಿಯಾಗಿ ಇಳಿಸಬಲ್ಲ ಮಾತ್ರೆ ತೆಗೆದುಕೊಳ್ಳುವ ಮಧುಮೇಹಿಗಳು ಸ್ಟಿಯರಿಂಗ್ ಹಿಡಿಯುವ ಮುನ್ನ ರಕ್ತ ಪರೀಕ್ಷಿಸಿಕೊಳ್ಳಬೇಕು. 90 ಮಿಲಿಗ್ರಾಂಗಿಂತ ಕಡಿಮೆಯಿದ್ದರೆ ಏನಾದರೂ ತಿಂದೇ ಹೊರಡಬೇಕು. ಗ್ಲೂಕೋಸ್ ಡಿಕ್ಕಿಯ ಚೀಲದಲ್ಲಲ್ಲ, ಕೈಗೆ ಎಟಕುವಲ್ಲಿರಲಿ.

ಇಕ್ಕಟ್ಟಾದ ವಿಮಾನದ ಸೀಟಿನಲ್ಲಿ ಗಂಟೆಗಟ್ಟಲೆ ಕೂತವರ ಕಾಲಿನ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟುವುದಕ್ಕೆ ಎಕಾನಮಿ ಕ್ಲಾಸ್ ಸಿಂಡ್ರೋಮ್ ಎಂಬ ಹೆಸರು 1977ರಿಂದ ಬಳಕೆಯಲ್ಲಿದೆ. ಹೆಸರು ವಿಮಾನದ್ದಾದರೂ ಕಾಯಿಲೆಗೆ ವಾಹನಭೇದವಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಯೋಜನೆಯೊಂದರ 2007ರ ವರದಿಯ ಪ್ರಕಾರ ನಾಲ್ಕು ಗಂಟೆ ಅಥವಾ ಅದಕ್ಕೂ ಹೆಚ್ಚಿನ ಪ್ರಯಾಣದ ನಂತರ ಈ ಅಪಾಯ ಸುಮಾರು ಎರಡು ಪಟ್ಟಾಗುತ್ತದೆ. ಕಾರು, ಬಸ್ಸು, ರೈಲಿಗೂ ಇದು ಅನ್ವಯ. ಆರೋಗ್ಯವಂತರಲ್ಲಿ ಒಟ್ಟು ಅಪಾಯ ತೀರಾ ಕಡಿಮೆಯೇ. ಇತ್ತೀಚೆಗೆ ಶಸ್ತ್ರಚಿಕಿತ್ಸೆಯಾದವರು, ಬಾಣಂತಿಯರು, ಕ್ಯಾನ್ಸರ್ ರೋಗಿಗಳು, ಹಿಂದೊಮ್ಮೆ ಹೆಪ್ಪುಗಟ್ಟಿದ್ದವರು ಹಿಂದಿನ ಆಸನದ ನಡುವೆ ಮೊಣಕಾಲು ಮಡಚಿ ಕೂರಬಾರದು. ಇವರಿಗಾಗಿಯಾದರೂ ಎರಡು ಗಂಟೆಗೊಮ್ಮೆ ಕಾರು ನಿಲ್ಲಿಸಿ ಐದು ನಿಮಿಷ ನಡೆಸಬೇಕು. ಪ್ರಯಾಣದ ಮುಂದಿನ ಕೆಲವು ವಾರಗಳಲ್ಲಿ ಒಂದೇ ಕಾಲಿನ ಮೀನಖಂಡ ಊದಿ ನೋಯತೊಡಗಿದರೆ ಎಣ್ಣೆ ನೀವಬೇಡಿ, ಅಂದೇ ವೈದ್ಯರಿಗೆ ತೋರಿಸಿ. ಉಸಿರು ಸಿಕ್ಕಿಕೊಂಡಂತಾದರೆ, ಎದೆ ನೋವು ಬಂದರೆ ನೇರ ಆಸ್ಪತ್ರೆಗೆ.

ಬಿ.ಸಿ. ರೋಡು ದಾಟಿ ಮಂಗಳೂರು ಸೇರಿದ ಕೂಡಲೇ ಎಲ್ಲರೂ ಮಾಡುವ ಮೊದಲ ಕೆಲಸ ಡಿಕ್ಕಿ ತೆರೆದು ಪೆಟ್ಟಿಗೆ ಎಳೆಯುವುದು. ಹೊತ್ತುಗಟ್ಟಲೆ ಬಾಗಿ ಕೂತ ಬೆನ್ನಿನ ಕಟ್ಟುಗಳು ಆಗ ಸಡಿಲವಾಗಿರುತ್ತವೆ, ಬಗ್ಗಿ ಎತ್ತುವಾಗ ಉಳುಕುವ ಸಂಭವ ಹೆಚ್ಚು. ಸೆಡಾನಿನ ಡಿಕ್ಕಿಯಂತೂ ಆಳ, ಹೊಸ್ತಿಲು ಎತ್ತರ. ಹತ್ತು ನಿಮಿಷ ಅಂಗಳದಲ್ಲಿ ಓಡಾಡಿ, ನೀರು ಕುಡಿದು, ಆಮೇಲೆ ಪೆಟ್ಟಿಗೆಯನ್ನು ಮೊದಲು ಹೊಸ್ತಿಲ ಅಂಚಿಗೆ ಎಳೆದುಕೊಂಡು, ಮೈಗೆ ತಾಗಿಸಿ ಹಿಡಿದು ಇಳಿಸಬೇಕು. ಟವೆಲ್ ಸುರುಳಿ ಸೀಟಿನಲ್ಲೇ ಇರಲಿ, ವಾಪಸು ದಾರಿಗೆ ಬೇಕಾಗುತ್ತದೆ.