ಟಿಕೆಟ್ಟಿಗೂ ಮೊದಲು ಹೆಸರು ನೋಡಿ

ಹೋದ ವರ್ಷದ ದಸರಾ ರಜೆಗೆ ದುಬೈಗೆ ಹೋಗುವುದೆಂದು ನಮ್ಮ ಮನೆಯಲ್ಲಿ ತೀರ್ಮಾನವಾದದ್ದು ಏಪ್ರಿಲ್ ತಿಂಗಳಲ್ಲಿ. ಮಗಳು ಅಳಿಯ ಅಲ್ಲಿ ನೆಲೆಸಿ ಹತ್ತು ವರ್ಷವಾಯಿತು. "ಅಪ್ಪ, ಅಮ್ಮನ ಮಂಡಿನೋವು ಇನ್ನೂ ಜಾಸ್ತಿಯಾಗೋಕೆ ಮುಂಚೆ ಒಂದ್ಸಲ ಬಂದು ಹೋಗಿ" ಎಂದು ಅವಳು ಪ್ರತಿ ಭಾನುವಾರ ಹೇಳುತ್ತಿದ್ದಳು. ಇಲ್ಲಿ ಮೈಸೂರಿನಲ್ಲಿ ನಮ್ಮ ಜೊತೆ ಇರುವ ಮಗನ ಮಗ ಏಳನೇ ಕ್ಲಾಸು. ಅವನೂ ಹೊರಡುವುದೆಂದಾಯಿತು. ಅವನಿಗೆ 828 ಮೀಟರ್ ಎತ್ತರದ ಬುರ್ಜ್ ಖಲೀಫಾ ನೋಡುವ ಆಸೆ. ಅವನ ಅಜ್ಜಿಗೆ ಮಗಳ ಅಡುಗೆಮನೆ ನೋಡುವ ಆಸೆ. ಮೂವತ್ತಾರು ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು ನಾನು. ಕಾಗದಪತ್ರದ ಕೆಲಸವೆಲ್ಲ ನನ್ನ ಪಾಲಿಗೆ ಬಂತು.

ಬೀರುವಿನಿಂದ ಪಾಸ್‌ಪೋರ್ಟುಗಳನ್ನು ತೆಗೆದೆ. 2015ರ ಡಿಸೆಂಬರಿನಲ್ಲಿ ಬೆಂಗಳೂರಿಗೆ ಹೋಗಿ ಮಾಡಿಸಿದ್ದವು. ಒಂದೂ ಮುದ್ರೆ ಬಿದ್ದಿರಲಿಲ್ಲ. ದೊಡ್ಡವರ ಪಾಸ್‌ಪೋರ್ಟಿನ ಅವಧಿ ಹತ್ತು ವರ್ಷ, ಅಂದರೆ ಡಿಸೆಂಬರ್‌ವರೆಗೆ ಇದೆ, ಅಕ್ಟೋಬರಿಗೆ ಹೋಗಿ ಬರಬಹುದು ಎಂದುಕೊಂಡೆ. ಅಲ್ಲೇ ಮೊದಲ ತಪ್ಪು. ದುಬೈ ಸೇರಿದಂತೆ ಬಹಳ ದೇಶಗಳು ನಾವು ಕಾಲಿಡುವ ದಿನದಿಂದ ಕನಿಷ್ಠ ಆರು ತಿಂಗಳ ಅವಧಿ ಉಳಿದಿರಬೇಕೆಂದು ಕೇಳುತ್ತವೆ.

ಎರಡನೆಯ ತಪ್ಪನ್ನು ಹಿಡಿದವನು ಮೊಮ್ಮಗ. ಅತ್ತೆ ಫೋನಿಗೆ ಕಳಿಸಿದ್ದ ಪಟ್ಟಿಯನ್ನು ಓದುತ್ತಾ ಕೂತಿದ್ದವನು, "ತಾತ, ನಿಮ್ಮದ್ರಲ್ಲೂ ಅಜ್ಜೀದ್ರಲ್ಲೂ ಸರ್‌ನೇಮ್ ಜಾಗ ಖಾಲಿ ಇದೆಯಲ್ಲ, ಇದು ನಡೆಯತ್ತಾ?" ಎಂದ.

ನಮ್ಮ ಹಳೇ ಮೈಸೂರಿನ ಹೆಸರುಗಳ ಸಂಗತಿ ನಿಮಗೆ ಗೊತ್ತು. ಮುಂದೆ ಎರಡು ಇನಿಷಿಯಲ್, ಆಮೇಲೆ ಹೆಸರು. ನನಗೆ ಮೊದಲ ಅಕ್ಷರ ಬನ್ನೂರು, ಎರಡನೆಯದು ಅಪ್ಪ. ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ಹಾಕುವಂತಿಲ್ಲ, ಬಿಡಿಸಿ ಬರೆಯಬೇಕು. ಆಗ ನಾನು ಊರೂ ಬೇಡ, ಅಪ್ಪನೂ ಬೇಡ ಎಂದು ನನ್ನ ಹೆಸರೊಂದನ್ನೇ ತುಂಬಿ ಉಳಿದದ್ದನ್ನು ಖಾಲಿ ಬಿಟ್ಟಿದ್ದೆ. ಹೆಂಡತಿಯದೂ ಹಾಗೆಯೇ. ಆದರೆ 2022ರ ನವೆಂಬರಿನಲ್ಲಿ ಯುಎಇ ಒಂದು ನಿಯಮ ತಂದಿತು: ಒಂದೇ ಪದದ ಹೆಸರಿರುವವರಿಗೆ ಪ್ರವಾಸಿ ವೀಸಾದ ಮೇಲೆ ಪ್ರವೇಶವಿಲ್ಲ. ತಂದೆಯ ಹೆಸರೋ ಮನೆತನದ ಹೆಸರೋ ಪಾಸ್‌ಪೋರ್ಟಿನ ಇನ್ನೊಂದು ಪುಟದಲ್ಲಿದ್ದರೆ ಸಾಕೆಂದು ಆಮೇಲೆ ಸಡಿಲಿಸಿದರು. ಆದರೂ ಟ್ರಾವೆಲ್ಸಿನವರು, "ಹೇಗೂ ಪಾಸ್‌ಪೋರ್ಟ್ ಹೊಸದು ಮಾಡಿಸ್ಬೇಕು, ಹೆಸರನ್ನೂ ಪೂರ್ತಿ ಮಾಡಿಸಿಬಿಡಿ ಸಾರ್. ಏರ್‌ಪೋರ್ಟಲ್ಲಿ ನಿಂತು ವಾದ ಮಾಡೋದು ಬೇಡ" ಎಂದರು.

ಅದೇ ವಾರ ಅಗ್ಗದ ಟಿಕೆಟ್ಟು ಬಂದಿತ್ತು. ಮಗಳು ತೆಗೆದುಬಿಡೋಣ ಎಂದಳು. ನಾನು ಒಪ್ಪಲಿಲ್ಲ. ಟಿಕೆಟ್ಟಿನ ಹೆಸರು ಪಾಸ್‌ಪೋರ್ಟಿನ ಹೆಸರಿಗೆ ಅಕ್ಷರ ಅಕ್ಷರ ಹೊಂದಬೇಕು. ಪಾಸ್‌ಪೋರ್ಟಿನ ಹೆಸರೇ ಬದಲಾಗಲಿರುವಾಗ ಟಿಕೆಟ್ಟು ಹೇಗೆ ತೆಗೆಯುವುದು? ನಾವು ಹಿಡಿದ ಕ್ರಮ ಹೀಗೆ: ಮೊದಲು ಆಧಾರ್, ಆಮೇಲೆ ಪಾಸ್‌ಪೋರ್ಟ್, ಆಮೇಲೆ ವೀಸಾ, ಕೊನೆಗೆ ಟಿಕೆಟ್. ದುಡ್ಡು ಸ್ವಲ್ಪ ಹೆಚ್ಚು ಬಿತ್ತು, ಆದರೆ ನಿದ್ದೆ ಕೆಡಲಿಲ್ಲ.

ನನ್ನ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಅಪ್ಪನ ಹೆಸರು ಪೂರ್ತಿಯಾಗಿತ್ತು. ಹೆಂಡತಿಯ ಟಿ.ಸಿ.ಗಾಗಿ ನಂಜನಗೂಡಿನ ಹಳೆಯ ಶಾಲೆಗೆ ಎರಡು ಸಲ ಹೋದೆವು. ಸರ್‌ನೇಮ್ ಜಾಗಕ್ಕೆ ನನ್ನ ಹೆಸರು ಹಾಕಿಸಬಹುದಿತ್ತು. ಅವಳು, "ನೋಡಿ, ಬೇಜಾರು ಮಾಡ್ಕೋಬೇಡಿ. ನಮ್ಮಪ್ಪನ ಹೆಸರು ಇರಲಿ" ಎಂದಳು. ಅವಳ ತಂದೆ ತೀರಿಕೊಂಡು ನಲವತ್ತು ವರ್ಷವಾಗಿದೆ. ಇರಲಿ ಎಂದೆ. ಆಧಾರ್‌ನಲ್ಲಿ ಹೆಸರು ಬದಲಾಯಿಸಲು ಜೀವಮಾನದಲ್ಲಿ ಎರಡೇ ಅವಕಾಶ. ಆದ್ದರಿಂದ ಅರ್ಜಿ ಕೊಡುವ ಮೊದಲು ಇಂಗ್ಲಿಷ್ ಕಾಗುಣಿತವನ್ನು ಮೂರು ಸಲ ಓದಿ. ನಮ್ಮ ಮನೆಯಲ್ಲಿ ಆ ಕೆಲಸ ಮೊಮ್ಮಗನದು.

ಪಾಸ್‌ಪೋರ್ಟಿಗೆ ಈಗ ಬೆಂಗಳೂರಿಗೆ ಹೋಗಬೇಕಾಗಿಲ್ಲ. ಅಂಚೆ ಕಚೇರಿಯಲ್ಲಿಯೇ ಪಾಸ್‌ಪೋರ್ಟ್ ಸೇವಾ ಕೇಂದ್ರ ತೆರೆಯುವ ಯೋಜನೆ ದೇಶದಲ್ಲಿ ಮೊದಲು ಶುರುವಾದದ್ದು ನಮ್ಮ ಮೈಸೂರಿನಲ್ಲಿ ಮತ್ತು ಗುಜರಾತಿನ ದಾಹೋದ್‌ನಲ್ಲಿ, 2017ರ ಜನವರಿ 25ರಂದು. ಆನ್‌ಲೈನಿನಲ್ಲಿ ಅರ್ಜಿ ತುಂಬಿ, ಶುಲ್ಕ ಕಟ್ಟಿ, ದಿನ ಗೊತ್ತುಮಾಡಿಕೊಂಡು ಮೂಲ ದಾಖಲೆಗಳೊಂದಿಗೆ ಹೋಗಬೇಕು. ಮೊದಲ ಸಲ ಮಾಡಿಸುವವರಲ್ಲಿ ಅರವತ್ತು ದಾಟಿದವರಿಗೂ ಎಂಟು ವರ್ಷದೊಳಗಿನ ಮಕ್ಕಳಿಗೂ ಶುಲ್ಕದಲ್ಲಿ ನೂರಕ್ಕೆ ಹತ್ತು ರಿಯಾಯಿತಿ ಇದೆ. ಸಣ್ಣ ಮಕ್ಕಳ ಪಾಸ್‌ಪೋರ್ಟಿನ ಅವಧಿ ಐದೇ ವರ್ಷ. ಅಪ್ಪ ಅಮ್ಮ ಇಬ್ಬರ ಒಪ್ಪಿಗೆಯ ನಮೂನೆಯೂ ಬೇಕು.

ಕೌಂಟರಿನಲ್ಲಿದ್ದ ಹುಡುಗಿ ನನ್ನ ಕಾಗದಗಳನ್ನು ನೋಡಿ, "ಸಾರ್, ಇದರ ಜೊತೆ ಇನ್ನೊಂದು ದಾಖಲೆ ಬೇಕಾಗುತ್ತೆ" ಎಂದಳು. ನನ್ನ ಮುಖ ಇಳಿದಿರಬೇಕು. ಅವಳು ಒಂದು ಚೀಟಿ ತೆಗೆದುಕೊಂಡು ಏನು ತರಬೇಕು, ಎಲ್ಲಿ ಸಿಗುತ್ತದೆ ಎಂದು ಕನ್ನಡದಲ್ಲಿ ದುಂಡಗೆ ಬರೆದುಕೊಟ್ಟಳು.

ಆ ಚೀಟಿ ಹಿಡಿದು ಹೊರಗೆ ಬೆಂಚಿನ ಮೇಲೆ ಕೂತಾಗ ನನಗೆ ನೆನಪಾದದ್ದು ಮೂವತ್ತು ವರ್ಷದ ಹಿಂದಿನ ಒಂದು ಬೆಳಗ್ಗೆ. ಆಗ ನಾನು ಒಂದು ಹಳ್ಳಿ ಶಾಖೆಯಲ್ಲಿದ್ದೆ. ಗಂಡ ಇಟ್ಟಿದ್ದ ಠೇವಣಿ ಬಿಡಿಸಿಕೊಳ್ಳಲು ಒಬ್ಬ ಅಜ್ಜಿ ಬಂದಿದ್ದರು. ನಮ್ಮ ಪುಸ್ತಕದಲ್ಲಿ ನಿಂಗಮ್ಮ, ಅವರ ರೇಷನ್ ಕಾರ್ಡಿನಲ್ಲಿ ನಿಂಗಾಜಮ್ಮ. "ಹೆಸರು ಸರಿ ಮಾಡಿಸಿಕೊಂಡು ಬನ್ನಿ" ಎಂದೆ. "ಎಲ್ಲಿ ಮಾಡುಸ್ಬೇಕು ಸ್ವಾಮಿ?" ಎಂದು ಕೇಳಿದರು. ಸಾಲು ಉದ್ದವಿತ್ತು. ನಾನು ಉತ್ತರ ಕೊಡದೆ ಮುಂದಿನವರನ್ನು ಕರೆದೆ. ನಿಯಮದ ಪ್ರಕಾರ ನಾನು ಮಾಡಿದ್ದು ಸರಿ. ಆದರೆ ನಾನು ಆ ಶಾಖೆಯಲ್ಲಿದ್ದಷ್ಟು ದಿನ ಅವರು ಮತ್ತೆ ಬರಲಿಲ್ಲ. ಒಂದು ಚೀಟಿ ಬರೆಯಲು ನನಗೆ ಎರಡು ನಿಮಿಷ ಸಾಕಿತ್ತು.

ಆ ದಾಖಲೆ ಕೊಟ್ಟು, ಪೊಲೀಸ್ ಪರಿಶೀಲನೆ ಮುಗಿದು ಪಾಸ್‌ಪೋರ್ಟ್ ಕೈಗೆ ಬಂದಾಗ ಆಗಸ್ಟ್. ಅಂಚೆಯವರು ಲಕೋಟೆ ಕೊಟ್ಟ ದಿನ ನನ್ನ ಹೆಂಡತಿ ಕನ್ನಡಕ ಹಾಕಿಕೊಂಡು ತನ್ನ ಹೆಸರಿನ ಪಕ್ಕದಲ್ಲಿ ಅಪ್ಪನ ಹೆಸರನ್ನು ಬೆರಳಿಟ್ಟು ಓದಿದಳು. ಆಮೇಲೆ ದೇವರ ಮುಂದೆ ಇಟ್ಟಳು.

ಉಳಿದ ತಯಾರಿಯಲ್ಲಿ ನಿಮಗೆ ಉಪಯೋಗವಾಗುವ ಸಂಗತಿಗಳನ್ನು ಹೇಳುತ್ತೇನೆ.

ಅಡುಗೆಮನೆ: ಮಗಳಿಗೆಂದು ಇವಳು ಕಟ್ಟಿಟ್ಟ ಗಂಟಿನಲ್ಲಿ ಪಾಯಸಕ್ಕೆ ಕಾಲು ಕಿಲೋ ಗಸಗಸೆ ಇತ್ತು. ಯುಎಇ, ಸಿಂಗಪುರ, ಸೌದಿ ಅರೇಬಿಯಾಗಳಲ್ಲಿ ಗಸಗಸೆ ನಿಷಿದ್ಧ. ಅಫೀಮಿನ ಗಿಡದ ಬೀಜವಾದ್ದರಿಂದ ಅದನ್ನು ಮಾದಕ ವಸ್ತುಗಳ ಸಾಲಿಗೆ ಸೇರಿಸಿದ್ದಾರೆ; ತಿಳಿಯದೆ ಒಯ್ದರೂ ಜೈಲಾಗಬಹುದು. ಮಸಾಲೆಪುಡಿಗೆ ಹಾಕಿದ್ದರೂ ಒಯ್ಯಬೇಡಿ. ಒಣಕೊಬ್ಬರಿಯೂ ಬೇಡ. ಅದರಲ್ಲಿ ಎಣ್ಣೆಯಂಶ ಹೆಚ್ಚು, ಶಾಖಕ್ಕೆ ಹೊತ್ತಿಕೊಳ್ಳಬಹುದೆಂದು ವಿಮಾನದಲ್ಲಿ ಬಿಡುವುದಿಲ್ಲ. ತುಪ್ಪ, ಉಪ್ಪಿನಕಾಯಿ ಕೈಚೀಲದಲ್ಲಿ ಬೇಡ, ದೊಡ್ಡ ಪೆಟ್ಟಿಗೆಯಲ್ಲಿರಲಿ. ಕೈಚೀಲದಲ್ಲಿ ದ್ರವಗಳು 100 ಮಿಲಿಲೀಟರಿಗಿಂತ ದೊಡ್ಡ ಸೀಸೆಯಲ್ಲಿರಬಾರದು. ಪವರ್ ಬ್ಯಾಂಕ್ ಮಾತ್ರ ಕೈಚೀಲದಲ್ಲೇ ಇರಬೇಕು.

ಔಷಧಿ: ಮಾತ್ರೆಗಳನ್ನು ಡಬ್ಬಿಗೆ ಸುರಿಯದೆ ಪಟ್ಟಿಯಲ್ಲೇ ಇಟ್ಟುಕೊಳ್ಳಿ. ಡಾಕ್ಟರ ಚೀಟಿಯಲ್ಲಿ ಔಷಧಿಯ ಮೂಲ ಹೆಸರು ಇಂಗ್ಲಿಷಿನಲ್ಲಿರಲಿ. ಒಂದು ವಾರಕ್ಕೆ ಹೆಚ್ಚುವರಿ ಇರಲಿ, ಎಲ್ಲವೂ ಕೈಚೀಲದಲ್ಲಿರಲಿ. ಕೊಡೀನ್ ಇರುವ ಕೆಮ್ಮಿನ ಔಷಧಿ, ಟ್ರಮಡಾಲ್‌ನಂಥ ನೋವಿನ ಮಾತ್ರೆ, ನಿದ್ದೆ ಮಾತ್ರೆ ಬೇಕೇ ಬೇಕೆಂದರೆ ಯುಎಇ ಸರ್ಕಾರದ ಅನುಮತಿಯನ್ನು ಮೊದಲೇ ಆನ್‌ಲೈನಿನಲ್ಲಿ ಪಡೆಯಬೇಕು. ಪ್ರವಾಸ ವಿಮೆ ಮಾಡಿಸುವಾಗ ಬಿಪಿ, ಸಕ್ಕರೆ ಕಾಯಿಲೆ ಮುಚ್ಚಿಡಬೇಡಿ. ಮುಚ್ಚಿಟ್ಟರೆ ಬೇಕಾದಾಗ ದುಡ್ಡು ಬರುವುದಿಲ್ಲ.

ಹಣ: ಒಂದು ಪ್ರವಾಸಕ್ಕೆ ಒಬ್ಬರು 3,000 ಡಾಲರ್ ಬೆಲೆಯಷ್ಟು ವಿದೇಶಿ ನೋಟು ಒಯ್ಯಬಹುದು; ನಮ್ಮ ರೂಪಾಯಿ 25,000ದವರೆಗೆ. ವಾಪಸು ಬರುವ ದಿನದ ಟ್ಯಾಕ್ಸಿಗೆ ರೂಪಾಯಿ ಬೇಕಾಗುತ್ತದೆ. ನಿಮ್ಮ ಕಾರ್ಡು ವಿದೇಶದಲ್ಲಿ ನಡೆಯುವಂತೆ ಬ್ಯಾಂಕಿನ ಆ್ಯಪಿನಲ್ಲಿ ತೆರೆಸಿಕೊಳ್ಳಿ. ಒಟಿಪಿ ಬರಬೇಕಾದರೆ ಇಲ್ಲಿನ ಸಿಮ್ಮಿಗೆ ರೋಮಿಂಗ್ ಇರಬೇಕು. ಪಿಂಚಣಿದಾರರು ನವೆಂಬರಿನಲ್ಲಿ ಊರಲ್ಲಿರುವುದಿಲ್ಲವಾದರೆ ಜೀವನ ಪ್ರಮಾಣಪತ್ರದ ವ್ಯವಸ್ಥೆಯನ್ನು ಬ್ಯಾಂಕಿನಲ್ಲಿ ಮೊದಲೇ ಕೇಳಿಕೊಳ್ಳಿ.

ಮೊಮ್ಮಕ್ಕಳು ಜೊತೆಗಿದ್ದರೆ: ತಂದೆ ತಾಯಿ ಇಬ್ಬರೂ ಸಹಿ ಮಾಡಿದ, ನೋಟರಿಯಾದ ಒಪ್ಪಿಗೆ ಪತ್ರ, ಮಗುವಿನ ಜನನ ಪ್ರಮಾಣಪತ್ರದ ಪ್ರತಿ ಇಟ್ಟುಕೊಳ್ಳಿ. ಯಾರೂ ಕೇಳದಿದ್ದರೂ ನಷ್ಟವಿಲ್ಲ. ಅಲ್ಲಿನ ಪೊಲೀಸರ ಸಂಖ್ಯೆ 999, ಆಂಬುಲೆನ್ಸ್ 998. ಮಗುವಿಗೂ ಬಾಯಿಪಾಠ ಇರಲಿ. ಗುರುತಿಲ್ಲದವರ ಫೋಟೊ, ಸರ್ಕಾರಿ ಕಟ್ಟಡಗಳ ಫೋಟೊ ತೆಗೆಯಬಾರದೆಂದು ಮೊದಲೇ ಹೇಳಿಡಿ. ಅಲ್ಲಿನ ಗೋಡೆಯಲ್ಲಿ ಚೌಕ ಕಡ್ಡಿಯ ಮೂರು ಪಿನ್ನಿನ ಪ್ಲಗ್ಗು, ನಮ್ಮ ಚಾರ್ಜರಿಗೆ ಅಡಾಪ್ಟರ್ ಬೇಕು.

ಮಕ್ಕಳಿಗೆ ಒಂದು ಲೆಕ್ಕ: ದುಬೈ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಹಿಂದೆ. ಬೆಂಗಳೂರಿನಲ್ಲಿ ಬೆಳಗ್ಗೆ 10ಕ್ಕೆ ಹೊರಟ ವಿಮಾನ ನಾಲ್ಕು ಗಂಟೆ ಹಾರಿದರೆ ಅಲ್ಲಿ ಇಳಿದಾಗ ಗಡಿಯಾರದಲ್ಲಿ ಎಷ್ಟು? ಮಧ್ಯಾಹ್ನ 12.30. ಅಜ್ಜಿಯ ಎರಡು ಗಂಟೆಯ ಮಾತ್ರೆಯನ್ನು ಅಲ್ಲಿ ಎಷ್ಟಕ್ಕೆ ಕೊಡಬೇಕೆಂದು ಲೆಕ್ಕ ಹಾಕಿ ಚೀಟಿ ಅಂಟಿಸಿದವನೂ ನಮ್ಮ ಮೊಮ್ಮಗನೇ.

ಹೊರಡುವ ದಿನ ಮೈಸೂರಿನಿಂದ ಕೆಂಪೇಗೌಡ ನಿಲ್ದಾಣಕ್ಕೆ ಕೆಎಸ್‌ಆರ್‌ಟಿಸಿಯ ಫ್ಲೈಬಸ್ ಹಿಡಿದೆವು. ದಸರಾ ಜನ, ಬೆಂಗಳೂರಿನ ದಟ್ಟಣೆ ಎರಡನ್ನೂ ಲೆಕ್ಕ ಹಾಕಿ ವಿಮಾನಕ್ಕೆ ಒಂಬತ್ತು ಗಂಟೆ ಮೊದಲೇ ಮನೆ ಬಿಟ್ಟೆವು. ದುಬೈಯಲ್ಲಿ ಅಧಿಕಾರಿ ಇವಳ ಪಾಸ್‌ಪೋರ್ಟನ್ನು ನೋಡಿ ಹೆಸರನ್ನು ಗಟ್ಟಿಯಾಗಿ ಓದಿದ. ಉಚ್ಚಾರಣೆ ಅರೆಬರೆ. ಆದರೂ ಅವಳ ಅಪ್ಪನ ಹೆಸರು ಕೇಳಿಸಿತು. ಅವಳು "ಎಸ್, ಎಸ್" ಎಂದು ತಲೆಯಾಡಿಸಿದಳು. ಮುದ್ರೆ ಬಿತ್ತು. ಗಾಜಿನಾಚೆ ಮಗಳು ನಿಂತಿದ್ದಳು.

ಮಕ್ಕಳೇ, ಇವತ್ತು ಸಂಜೆ ತಾತ ಅಜ್ಜಿಯ ಆಧಾರ್, ಪಾಸ್‌ಬುಕ್, ಪಾಸ್‌ಪೋರ್ಟ್ ಇದ್ದರೆ ಅದನ್ನೂ ಮೇಜಿನ ಮೇಲೆ ಹರಡಿ. ಹೆಸರುಗಳು ಅಕ್ಷರಕ್ಕೆ ಅಕ್ಷರ ಹೊಂದುತ್ತವೆಯೇ ನೋಡಿ. ಹೊಂದದಿದ್ದರೆ ಎಲ್ಲಿ ಸರಿ ಮಾಡಿಸಬೇಕೆಂದು ಕೇಳಿಕೊಂಡು ಬಂದು ಅವರಿಗೆ ಒಂದು ಚೀಟಿಯಲ್ಲಿ ದುಂಡಗೆ ಬರೆದುಕೊಡಿ. ವಿದೇಶಕ್ಕೆ ಹೋಗದಿದ್ದರೂ ಅದು ಒಂದಲ್ಲ ಒಂದು ದಿನ ಉಪಯೋಗಕ್ಕೆ ಬರುತ್ತದೆ.